ಬಾಲ್ ಬರುವ ಮೊದಲೇ ಹಾರುತ್ತಿದ್ದವಳು

ಅವಳ ಹೆಸರನ್ನು ನಾನು ಬರೆಯುವುದಿಲ್ಲ. ಆ ಹೆಸರು ಪೇಪರಿನಲ್ಲಿ, ಫ್ಲೆಕ್ಸಿನಲ್ಲಿ, ಸುಂಟಿಕೊಪ್ಪದ ಬಸ್ ನಿಲ್ದಾಣದ ಎದುರಿನ ಗೋಡೆಯಲ್ಲಿ ಬೇಕಾದಷ್ಟು ಸಲ ಅಚ್ಚಾಗಿದೆ. ಇನ್ನೊಂದು ಸಲ ನನ್ನ ಕೈಯಿಂದ ಯಾಕೆ? ಹೊಟ್ಟೆಕಿಚ್ಚು ಅನ್ನುತ್ತೀರಾ? ಹೌದು, ಹೊಟ್ಟೆಕಿಚ್ಚೇ. ನನ್ನ ಗಂಡ ಅದನ್ನು ಮದುವೆಯಾದ ಹೊಸದರಲ್ಲೇ ಪತ್ತೆಹಚ್ಚಿದರು. "ನಿನ್ನ ಹೊಟ್ಟೆಕಿಚ್ಚಲ್ಲಿ ಎರಡು ಹೊತ್ತಿನ ಅಡುಗೆ ಆಗುತ್ತೆ ಕಣೇ, ಗ್ಯಾಸ್ ಯಾಕೆ ಬುಕ್ ಮಾಡ್ತೀಯ?" ಅನ್ನುತ್ತಾರೆ. ಅನ್ನಲಿ. ಅವಳ ಜೊತೆ ಆಡಿದ್ದು ಅವರಲ್ಲ, ನಾನು.

ನಾನು ಲಿಫ್ಟರ್. ವಾಲಿಬಾಲ್ ಗೊತ್ತಿಲ್ಲದವರಿಗೆ ಹೇಳುತ್ತೇನೆ, ಬಂದ ಬಾಲನ್ನು ಬೆರಳ ತುದಿಯಲ್ಲಿ ಹಿಡಿದೂ ಹಿಡಿಯದ ಹಾಗೆ ಬಲೆಯ ಮೇಲಕ್ಕೆ ಎತ್ತಿಕೊಡುವವಳು ಲಿಫ್ಟರ್. ಹಾರಿ ಅದನ್ನು ಎದುರಿನವರ ಎದೆ ನಡುಗುವ ಹಾಗೆ ಬಡಿಯುವವಳು ಸ್ಮ್ಯಾಶರ್. ಚಪ್ಪಾಳೆ ಯಾರಿಗೆ ಬೀಳುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ಮೊದಲೇ ಕೊಡಗಿನಲ್ಲಿ ಹಾಕಿಯೊಂದನ್ನು ಬಿಟ್ಟರೆ ಮಿಕ್ಕಿದ್ದು ಆಟವೇ ಅಲ್ಲ. ಅಂಥಾ ಊರಿನಲ್ಲಿ ವಾಲಿಬಾಲ್ ಆಡಿ, ಅದರಲ್ಲೂ ಲಿಫ್ಟರ್ ಆದವಳನ್ನು ಯಾವ ನಾಯಿ ಮೂಸುತ್ತದೆ? ಈಗ ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ ಆಗಿದ್ದೇನೆ. ಸೀಟಿ ಊದುತ್ತೇನೆ, ಆಗಸ್ಟ್ ಹದಿನೈದಕ್ಕೆ ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತೇನೆ.

ಕಳೆದ ತಿಂಗಳು ಅವಳು ಆಟದಿಂದ ನಿವೃತ್ತಳಾಗಿ ಬಂದಾಗ ಊರಿನ ಸ್ಪೋರ್ಟ್ಸ್ ಕ್ಲಬ್ಬಿನವರು ಸನ್ಮಾನ ಇಟ್ಟುಕೊಂಡರು. ಅದಕ್ಕೆ ಒಂದು ವಾರ ಮೊದಲು ಅವಳು ನಮ್ಮ ಮನೆಗೆ ಬಂದಳು. ಬಾಗಿಲ ಮೇಲಿನ ಪಟ್ಟಿಗೆ ತಲೆ ತಾಗದ ಹಾಗೆ ಬಗ್ಗಿ ಒಳಗೆ ಬಂದವಳೇ, "ಹೆಣ್ಣು ಕೇಳಕ್ಕೆ ಬಂದಿದ್ದೀನಿ ಕಣೆ" ಅಂದಳು.

"ಮದುವೆನೇ ಆಗ್ದಿರೋಳಿಗೆ ಮಗ ಎಲ್ಲಿಂದ ಬಂದ?" ಅಂದೆ.

"ಮಗ ಇಲ್ಲ, ಟೀಮ್ ಅದೆ. ಮೈಸೂರಲ್ಲಿ ಕೋಚ್ ಮಾಡವ್ರೆ ನನ್ನ. ಹಾಸ್ಟೆಲ್ ಅದೆ, ಸ್ಕೂಲ್ ಅದೆ. ನಿನ್ನ ಮಗಳನ್ನ ಕಳ್ಸು."

ನನ್ನ ಮಗಳು ಒಂಬತ್ತನೇ ಕ್ಲಾಸು. ಎತ್ತರ ಅವಳ ಅಪ್ಪನದು. ಐದನೇ ಕ್ಲಾಸಿನಿಂದ ದಿನಾ ಸಂಜೆ ನಾನೇ ನಿಂತು ಸ್ಮ್ಯಾಶ್ ಕಲಿಸಿದ್ದೇನೆ. ಎದೆ ಉಬ್ಬಿತು. ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿ ಕೊಟ್ಟೆ. "ಸ್ಮ್ಯಾಶರ್ ಆಗಿ ತಾನೆ?" ಅಂದೆ, ಸುಮ್ಮನೆ ಕೇಳುವ ಹಾಗೆ.

"ಇಲ್ಲ ಕಣೆ. ಲಿಫ್ಟರ್."

ಕೊಟ್ಟ ಲೋಟವನ್ನು ವಾಪಸ್ ಕಿತ್ತುಕೊಳ್ಳಬೇಕು ಅನ್ನಿಸಿತು.

"ಅವಳ ಕೈ ನೋಡು. ನಿಂದೇ ಅದು. ನೀನು ನೋಡೇ ಇಲ್ವಾ?"

"ನೋಡಿದ್ದೀನಿ. ಅದಕ್ಕೇ ಸ್ಮ್ಯಾಶ್ ಕಲಿಸಿದ್ದು."

ಅವಳು ಕಾಫಿ ಕುಡಿದು, ಸಕ್ಕರೆ ಜಾಸ್ತಿ ಆಯಿತು ಎಂದು ಹೇಳಿ, ಸನ್ಮಾನದ ದಿನ ಸಂಜೆಯೊಳಗೆ ಹೂಂ ಅಥವಾ ಊಹೂಂ ಹೇಳಬೇಕು ಎಂದಳು. ಮಗಳನ್ನು ಕೇಳಿದರೆ, "ಆಂಟಿ ಏನ್ ಹೇಳಿದ್ರೂ ಓಕೆ ಅಮ್ಮ" ಅನ್ನುತ್ತಾಳೆ. ಹತ್ತಿರ ಹತ್ತಿರ ಹದಿನೈದು ವರ್ಷ ಸಾಕಿದ್ದು ನಾನು, ಓಕೆ ಆಂಟಿಗೆ! ನನಗೆ ಬೇಕಾಗಿದ್ದದ್ದು ಇಷ್ಟೇ. ನನ್ನ ಮಗಳು ಬಾಲನ್ನು ಬಡಿಯಬೇಕು, ಇನ್ನೊಬ್ಬರಿಗೆ ಎತ್ತಿಕೊಟ್ಟು ಪಕ್ಕಕ್ಕೆ ಸರಿಯಬಾರದು. ಆ ವಾರವೆಲ್ಲ ಒಲೆಯ ಮುಂದೆ, ಗ್ರೌಂಡಿನಲ್ಲಿ, ಬಟ್ಟೆ ಒಗೆಯುವಾಗ ಈ ಗೆಳತಿಯನ್ನೇ ನೆನೆದು ಬೈದುಕೊಂಡೆ. ಹಾಗೆ ನೆನೆದದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅವಳು ಶಿರಂಗಾಲದವಳು. ಹಾಸನದ ಕಡೆಯಿಂದ ಬಂದು ನೆಲೆಯಾದ ರೈತರ ಮನೆ, ಗದ್ದೆ, ಜೋಳ, ಶುಂಠಿ. ಹೈಸ್ಕೂಲಿಗೆಂದು ಸುಂಟಿಕೊಪ್ಪದ ಹತ್ತಿರ ಅವಳ ಸೋದರಮಾವನ ಮನೆಗೆ ಬಂದಳು. ಮಾವ ಒಂದು ಎಸ್ಟೇಟಿನಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ, ಕಾಫಿಯ ತೂಕ ಎಲ್ಲ ಅವರದೇ. ನಾನು ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಲಿಂಗಾಯತರ ಮನೆಯ ಹುಡುಗಿ. ಮೊದಲ ದಿನ ಅವಳು ಕ್ಲಾಸಿಗೆ ಬಂದಾಗ ಹೊಸ ಟೀಚರ್ ಎಂದು ಎದ್ದು ನಿಂತು ನಮಸ್ತೆ ಹೇಳಿದ ಪೆದ್ದಿ ನಾನೇ. ಅಷ್ಟು ಉದ್ದ ಇದ್ದಳು. ಅವಳೂ ಗಂಭೀರವಾಗಿ "ಕೂತ್ಕೊ" ಅಂದಳು. ಅಂದಿನಿಂದ ಗೆಳತಿಯರಾದೆವು. ಹೊಟ್ಟೆಕಿಚ್ಚೂ ಅಂದೇ ಶುರುವಾಯಿತೆಂದು ಕಾಣುತ್ತದೆ.

ನಾವು ಆಟ ಕಲಿತದ್ದು ಆ ಎಸ್ಟೇಟಿನಲ್ಲಿ ಕಾಫಿ ಒಣಗಿಸುವ ಸಿಮೆಂಟಿನ ಕಣದಲ್ಲಿ. ಕಾಫಿಹಣ್ಣಿನ ಪಿಕಿಂಗ್ ಮುಗಿದ ಮೇಲೆ ಕಣ ಖಾಲಿ ಬಿದ್ದಿರುತ್ತಿತ್ತು. ಲೈನ್‌ಮನೆಯ ಆಳುಗಳ ಹುಡುಗರು ಅಲ್ಲಿ ಬಲೆ ಕಟ್ಟುತ್ತಿದ್ದರು. ಪಿಕಿಂಗ್ ಹೊತ್ತಿನಲ್ಲಿ ಆಡಿದರೆ ಬಾಲ್ ಒಣಗುತ್ತಿದ್ದ ಕಾಫಿಯ ಮೇಲೆ ಬೀಳುತ್ತಿತ್ತು. ಮಾವ ಅಂಗಿಯ ತೋಳು ಏರಿಸಿಕೊಂಡು ಓಡಿಬರುತ್ತಿದ್ದರು. "ಏಯ್ ಕೋತಿಗಳಾ! ಸಾವ್ಕಾರ್ರು ಕೇಳಿದ್ರೆ ನಿಮ್ಮಪ್ಪಂದಿರು ಬಂದು ಉತ್ತರ ಹೇಳ್ತಾರಾ?"

ಕಣ ಅಂದರೆ ಸಪಾಟು ನೆಲ ಎಂದುಕೊಳ್ಳಬೇಡಿ. ಮಳೆನೀರು ನಿಲ್ಲಬಾರದೆಂದು ಒಂದು ಕಡೆಗೆ ವಾಲಿಸಿ ಕಟ್ಟಿರುತ್ತಾರೆ. ನೋಡಿದರೆ ತಿಳಿಯುವುದಿಲ್ಲ, ಓಡಿದರೆ ಕಾಲಿಗೆ ತಿಳಿಯುತ್ತದೆ. ಹುಡುಗರು ಎತ್ತರದ ಕಡೆ ಬಿಟ್ಟುಕೊಟ್ಟವರಲ್ಲ. ಹುಡುಗಿಯರಿಗೆ ಯಾವಾಗಲೂ ತಗ್ಗು. ಹಾಗಾಗಿ ಅವಳು ಸ್ಮ್ಯಾಶಿಗೆ ಬರುವಾಗ ಪ್ರತಿ ಸಲವೂ ಏರು ಹತ್ತಿ ಓಡಿಬರಬೇಕಿತ್ತು. ಎರಡು ವರ್ಷ ಅದೇ ಅಭ್ಯಾಸ.

ಆಮೇಲೆ ಮಡಿಕೇರಿಯಲ್ಲಿ ಜಿಲ್ಲಾ ಮಟ್ಟದ ಪಂದ್ಯ. ಮೊದಲ ಸಲ ಸಪಾಟು ಅಂಕಣ. ನಾನು ಬಾಲ್ ಎತ್ತಲು ಕೈ ಮೇಲೆ ಮಾಡಿದ್ದೇನೆ, ಬಾಲ್ ಇನ್ನೂ ನನ್ನ ಬೆರಳಲ್ಲೇ ಇದೆ, ಇವಳು ಆಗಲೇ ಗಾಳಿಯಲ್ಲಿ! ಏರು ಓಡಿ ರೂಢಿಯಾದ ಕಾಲಿಗೆ ಸಪಾಟು ನೆಲ ಸಿಕ್ಕಿ ಒಂದು ಗಳಿಗೆ ಮೊದಲೇ ಬಲೆಗೆ ಬಂದುಬಿಟ್ಟಿದ್ದಾಳೆ. ಬಾಲ್ ಮೇಲೆ ಹೋಗುವಾಗ ಇವಳು ಕೆಳಗೆ ಇಳಿಯುತ್ತಿದ್ದಾಳೆ. ಯಾರೋ "ಕಪ್ಪೆ!" ಎಂದು ಕೂಗಿದರು, ಗ್ರೌಂಡೆಲ್ಲ ನಗು. ಎರಡನೇ ಸಲವೂ ಅದೇ. ಅವಳ ಕಿವಿ ಕೆಂಪಾಗಿತ್ತು. ಮೂರನೇ ಸಲ ಅವಳು ಹಾರಿದ್ದನ್ನು ನೋಡಿ ನನ್ನ ಬೆರಳು ತಾನಾಗಿ ಬಾಲನ್ನು ಎತ್ತರಕ್ಕೆ ಬಿಡದೆ, ತಗ್ಗಾಗಿ, ನೇರ ಅವಳ ಅಂಗೈಗೆ ದಾಟಿಸಿತು. ಎದುರಿನ ಹುಡುಗಿಯರು ತಡೆಯಲು ಕೈ ಎತ್ತುವ ಮೊದಲೇ ಬಾಲ್ ಅವರ ಕಾಲ ಬುಡದಲ್ಲಿ ಬಿದ್ದಿತ್ತು. ಅವರ ಕ್ಯಾಪ್ಟನ್ ರೆಫರಿಯ ಹತ್ತಿರ ಹೋಗಿ "ಸರ್, ಹೀಗೆ ಹೊಡೀಬಹುದಾ?" ಎಂದು ಕೇಳಿದಳು.

ಮುಂದೆ ಇಡೀ ದೇಶ ನೋಡಿದ ಅವಳ ಹೊಡೆತ ಅದೇ. ಪೇಪರಿನವರು ಹುಟ್ಟು ಪ್ರತಿಭೆ ಎಂದು ಬರೆದರು. ಹುಟ್ಟೂ ಇಲ್ಲ, ಗಿಟ್ಟೂ ಇಲ್ಲ. ಬೇಗ ಹಾರಿದ್ದು ಅವಳ ತಪ್ಪು. ಆ ತಪ್ಪನ್ನು ಪಾಯಿಂಟ್ ಮಾಡಿದ್ದು ನನ್ನ ಬೆರಳು. ಒಮ್ಮೆ ಟಿ.ವಿ.ಯವರು ಮೈಕು ಹಿಡಿದು, ಈ ಹೊಡೆತ ಎಲ್ಲಿ ಕಲಿತಿರಿ ಎಂದು ಕೇಳಿದರು. ನಾನು ಸೋಫಾದ ತುದಿಗೆ ಬಂದು ಕೂತೆ. ಇವಳು ಕಿವಿ ತುರಿಸಿಕೊಳ್ಳುತ್ತಾ, "ನಮ್ಮ ಮಾವನ ಎಸ್ಟೇಟಲ್ಲಿ ಒಂದು ಕಾಫಿ ಕಣ ಇತ್ತು" ಎಂದಳು. ಕಣವಂತೆ! ಸಿಮೆಂಟಿನ ನೆಲಕ್ಕೆ ಸಿಕ್ಕ ಮರ್ಯಾದೆ ನನಗೆ ಸಿಗಲಿಲ್ಲ. ಗಂಡ ನಗು ತಡೆಯಲಾರದೆ ಅಡುಗೆಮನೆಗೆ ಎದ್ದುಹೋದರು.

ಅವಳಿಗೆ ಮಾತು ಅಂದರೆ ಹಾಗೆಯೇ. ಯಾರನ್ನೂ ನೋಯಿಸಬೇಕೆಂದು ಆಡಿದವಳಲ್ಲ, ಯಾರಿಗೂ ಸಮಾಧಾನವಾಗಲಿ ಎಂದೂ ಆಡಿದವಳಲ್ಲ. ಮ್ಯಾಚ್ ಸೋತರೆ ನಾವೆಲ್ಲ ಅಳುತ್ತಾ ಕೂತಾಗ ಅವಳು ಟೀಮಿನವರ ಬೆವರಿನ ಜರ್ಸಿಗಳನ್ನೆಲ್ಲ ಬಾಚಿಕೊಂಡು ಹೋಗಿ ಒಗೆದುಹಾಕುತ್ತಿದ್ದಳು. ಗೆದ್ದರೆ ಮಲಗಿಬಿಡುತ್ತಿದ್ದಳು, ಬಸ್ಸಿನಲ್ಲಿ, ಬೆಂಚಿನಲ್ಲಿ, ಎಲ್ಲೆಂದರಲ್ಲಿ. ಊಟಕ್ಕೆ ಕೂತರೆ ಬಡಿಸುವವರು ಸುಸ್ತಾಗಬೇಕು. ನನ್ನ ಅಮ್ಮ ಅವಳಿಗೆ ಅಕ್ಕಿರೊಟ್ಟಿ ತಟ್ಟಿ ತಟ್ಟಿ ಹಾಕಿ, "ಈ ಹುಡುಗಿ ಉಣ್ಣೋದು ನೋಡೋಕೇ ಚೆಂದ, ನೀನೂ ಇದೀಯ ಕೋಳಿ ಕೆದಕಿದ ಹಾಗೆ" ಅನ್ನುತ್ತಿದ್ದರು. ಹೆತ್ತ ತಾಯಿ! ಎಲ್ಲೇ ಜನ ಸೇರಲಿ, ಹಿಂದಿನವರಿಗೆ ಮರೆಯಾಗುತ್ತದೆಂದು ಅವಳು ಕೊನೆಯ ಸಾಲಿಗೆ ಹೋಗಿ ನಿಲ್ಲುತ್ತಿದ್ದಳು. ಅಲ್ಲಿಯೂ ಎಲ್ಲರಿಗೂ ಮೊದಲು ಕಾಣುವುದು ಅವಳೇ.

ರಾಜ್ಯ ತಂಡದ ಆಯ್ಕೆಗೆ ಇಬ್ಬರೂ ಮೈಸೂರಿಗೆ ಹೋದೆವು. ಅವಳನ್ನು ಆರಿಸಿದರು. ನನಗೆ, ಲಿಫ್ಟರ್ ಆದರೂ ಇನ್ನೂ ಎತ್ತರ ಬೇಕಮ್ಮ ಎಂದರು. ಇದರಲ್ಲಿ ಯಾರ ಮೋಸವೂ ಇಲ್ಲ. ನನಗಿಂತ ಎತ್ತರದ, ಒಳ್ಳೆಯ ಹುಡುಗಿಯರೇ ಇದ್ದರು. ಅವಳು ಕ್ಯಾಂಪಿಗೆ ಅಲ್ಲೇ ಉಳಿದಳು. ನನ್ನನ್ನು ಬಸ್ಸು ಹತ್ತಿಸಲು ಬಂದವಳು ಕಿಟಕಿಯ ಹತ್ತಿರ ನಿಂತು, "ಇಲ್ಲಿ ನಂಗೆ ಯಾರೇ ಎತ್ತಿಕೊಡ್ತಾರೆ?" ಅಂದಳು. ಕಣ್ಣಲ್ಲಿ ನೀರಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಮನೆಗೆ ಹೋಗುವ ಬಸ್ಸಿನಲ್ಲಿ ಕೂತವಳು ನಾನು, ಚಿಂತೆ ಇವಳಿಗೆ! ಕುಶಾಲನಗರ ಬರುವತನಕ ಕಿಟಕಿಯ ಕಡೆ ತಿರುಗಲಿಲ್ಲ.

ಆಮೇಲಿನದು ನಿಮಗೆ ಗೊತ್ತಿರುವ ಕತೆ. ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ, ಆ ಸಂಸ್ಥೆಯ ತಂಡ, ಭಾರತದ ಜರ್ಸಿ. ಎರಡು ಸೀಸನ್ ಥಾಯ್ಲೆಂಡಿನ ಕ್ಲಬ್ಬಿಗೂ ಆಡಿ ಬಂದಳು. ಅಲ್ಲಿಂದ ಫೋನ್ ಮಾಡಿ, "ಇಲ್ಲಿ ಎಲ್ಲಾ ಅದೆ ಕಣೆ, ಅಕ್ಕಿರೊಟ್ಟಿ ಒಂದಿಲ್ಲ" ಎಂದು ಕೊರಗುತ್ತಿದ್ದಳು. ನಾನು ಇತ್ತ ಬಿ.ಪಿ.ಇಡಿ. ಮುಗಿಸಿ ಸೀಟಿ ಕೊರಳಿಗೆ ಹಾಕಿಕೊಂಡೆ. ಪೇಟೆಯ ಹೋಟೆಲಿನ ಮಲಯಾಳಿ ಕಾಕ ಅವಳ ಫೋಟೋವನ್ನು ಗಲ್ಲಾದ ಮೇಲೆ ಅಂಟಿಸಿದರು. ನಾನು ಚಹಾಕ್ಕೆ ಹೋದಾಗಲೆಲ್ಲ, "ಮೋಳೇ, ನಿನ್ನ ಫ್ರೆಂಡ್ ನಿನ್ನೆ ಟಿ.ವಿ.ಯಲ್ಲಿ ಉಂಟಲ್ಲ! ಎಂಥಾ ಅಡಿ, ಎಂಥಾ ಹೊಡೆತ ಅದು! ನೀನೂ ಆಡ್ತಿದ್ದೆ ಅಲ್ವಾ ಆಗ?" ಎಂದು ಕೇಳುತ್ತಿದ್ದರು. ಆಡ್ತಿದ್ದೆ ಅಲ್ವಾ ಆಗ! ಆ ಹೋಟೆಲು ಬಿಟ್ಟು ಎದುರಿನದಕ್ಕೆ ಹೋಗತೊಡಗಿದೆ. ಅಲ್ಲಿಯ ಚಹಾ ಕಲಗಚ್ಚು. ಆದರೂ ಎಷ್ಟೋ ವರ್ಷ ಅದನ್ನೇ ಕುಡಿದೆ.

ನನ್ನ ಮದುವೆಗೆ ಅವಳು ಪಂದ್ಯದಿಂದ ನೇರವಾಗಿ ಬಂದಿದ್ದಳು. ಬೆರಳಿಗೆ ಸುತ್ತಿದ ಟೇಪು ಕೂಡ ಬಿಚ್ಚಿರಲಿಲ್ಲ. ರೇಷ್ಮೆ ಸೀರೆ ಅವಳಿಗೆ ಪಾದದಿಂದ ಗೇಣು ಮೇಲೆ ನಿಂತಿತ್ತು. ಬಂದವರೆಲ್ಲ ನನ್ನ ತಲೆಗೆ ಅಕ್ಷತೆ ಹಾಕಿ, ಫೋಟೋ ಮಾತ್ರ ಅವಳ ಜೊತೆ ತೆಗೆಸಿಕೊಂಡರು. ಫೋಟೋಗ್ರಾಫರ್ ಮಂಟಪ ಬಿಟ್ಟು ಅವಳ ಹಿಂದೆ ಬಿದ್ದ. ಆಲ್ಬಮ್ ಬಂದಾಗ ನೋಡುತ್ತೇನೆ, ಧಾರೆಯ ಫೋಟೋದಲ್ಲಿಯೂ ಹಿಂದಿನ ಸಾಲಿನಿಂದ ಅವಳ ತಲೆ ಎದ್ದು ನಿಂತಿದೆ, ಬಾಯ್ತುಂಬ ನಗುತ್ತಾ. ನನ್ನ ಮುಖದ ಮೇಲೆ ಯಾರದೋ ಕೈಯ ನೆರಳು.

ಆದರೆ ಒಂದು ಸಂಗತಿ. ಅವಳ ಒಂದು ಮ್ಯಾಚನ್ನೂ ನಾನು ತಪ್ಪಿಸಿದವಳಲ್ಲ. ಟಿ.ವಿ. ಮುಂದೆ ಕೂತು ಬೈಯುತ್ತಿದ್ದೆ, ಅವಳನ್ನಲ್ಲ. "ಅಯ್ಯೋ, ಅಷ್ಟು ಮೇಲೆ ಎತ್ತಿದ್ರೆ ಅವಳು ಹೆಂಗೆ ಹೊಡೀಬೇಕು? ಬೆರಳಾ ಅದು, ಒನಕೆನಾ? ಅವಳು ಹಾರಿ ಆಯ್ತು, ಕೊಡೇ ಬೇಗ!" ಗಂಡ ಒಮ್ಮೆ ಕೇಳಿದರು, "ನೀನು ನಿನ್ನ ಫ್ರೆಂಡನ್ನ ನೋಡ್ತಿದ್ದೀಯೋ, ಆ ಲಿಫ್ಟರನ್ನ ನೋಡ್ತಿದ್ದೀಯೋ?" ನನ್ನ ಮ್ಯಾಚು, ನನ್ನ ಟಿ.ವಿ., ನಿಮಗೇನು ಎಂದು ಗದರಿದೆ.

ಸನ್ಮಾನದ ದಿನ ಊರಿಗೆ ಊರೇ ಗ್ರೌಂಡಿನಲ್ಲಿತ್ತು. ಪೇಟ, ಶಾಲು, ಹಣ್ಣಿನ ಬುಟ್ಟಿ ಆದಮೇಲೆ ಒಂದು ಪ್ರದರ್ಶನ ಪಂದ್ಯ ಎಂದು ಮೊದಲೇ ಹೇಳಿದ್ದರು. ಮಂಡಿಗೆ ಆಪರೇಷನ್ ಆದವಳು, ಒಂದೇ ಸೆಟ್ ಆಡುತ್ತಾಳಂತೆ. ಹೆಂಗಸರೆಲ್ಲ ಒಳ್ಳೆಯ ಸೀರೆ ಉಟ್ಟು ಬಂದಿದ್ದರೆ ನಾನು ಟ್ರ್ಯಾಕ್ ಸೂಟ್ ಹಾಕಿ, ಶೂ ಕಟ್ಟಿ ಹೋದೆ. "ಸನ್ಮಾನ ಅವಳಿಗಾ ನಿಂಗಾ?" ಎಂದರು ಗಂಡ. ನಾನು ಪಿ.ಟಿ. ಮೇಡಂ, ಇದು ನನ್ನ ಯೂನಿಫಾರ್ಮ್ ಎಂದೆ. ಮೈಸೂರಿನ ಮಾತಿಗೆ ಊಹೂಂ ಎಂದು ಹೇಳುವುದು ನಿರ್ಧಾರವಾಗಿತ್ತು. ಅದಕ್ಕೂ ಮೊದಲು ಊರಿನವರೆದುರು ಒಂದು ಸಲ ಎತ್ತಿಕೊಟ್ಟು ತೋರಿಸಬೇಕೆಂಬ ಆಸೆ. ಬೆಳಿಗ್ಗೆಯಿಂದ ಬೆರಳು ನೀವಿಕೊಂಡೇ ಇದ್ದೆ.

ಅವಳು ಪೇಟ ತೆಗೆದು ಶಾಲಿನ ಜೊತೆ ಕುರ್ಚಿಯ ಮೇಲಿಟ್ಟು, ಮಂಡಿಗೆ ಪಟ್ಟಿ ಬಿಗಿದುಕೊಂಡು ಅಂಕಣಕ್ಕೆ ಬಂದಳು. "ನಮ್ಮ ಕಡೆಗೆ ಲಿಫ್ಟರ್ ಬೇಕು" ಎಂದು ನಮ್ಮ ಸಾಲಿನ ಕಡೆ ನೋಡಿದಳು. ನಾನು ಎದ್ದು ನಿಂತೆ. ಅವಳು ನನ್ನ ಮಗಳ ಹೆಸರು ಹಿಡಿದು ಕರೆದಳು. ಮಗಳು ನನ್ನನ್ನು ಸವರಿಕೊಂಡೇ ಓಡಿಹೋದಳು. ಎದ್ದವಳು ಏನು ಮಾಡಲಿ? ಹಿಂದಿನವರಿಗೆ ಕಾಣುವುದಿಲ್ಲವೇನೋ ಎಂಬಂತೆ ಕುರ್ಚಿಯನ್ನು ಸ್ವಲ್ಪ ಪಕ್ಕಕ್ಕೆ ಎಳೆದು ಕೂತೆ.

ಮಗಳು ಮೊದಲ ಬಾಲನ್ನು ನಾನು ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಕಲಿಸುವ ಹಾಗೆ ಎತ್ತರಕ್ಕೆ ಎತ್ತಿದಳು. ಅವಳು ಆಗಲೇ ಹಾರಿ ಇಳಿದಾಗಿತ್ತು. ಜನ ನಕ್ಕರು. ಎರಡನೇ ಬಾಲ್ ಬಂತು. ಮಗಳ ಬೆರಳುಗಳು ಮೇಲೆ ಹೋಗಿ ಒಂದು ಚೂರು ತಡೆದವು. ಅವಳು ಹಾರಿದಳು. ಎತ್ತರ ಮೊದಲಿನಷ್ಟಿಲ್ಲದಿದ್ದರೂ ಆಟದ ಕೊನೆಯ ದಿನವೂ ಅದೇ ಹಾರಾಟ, ಬಾಲ್ ಬಂದೇ ಬರುತ್ತದೆ ಎಂಬ ಅದೇ ಧೈರ್ಯ. ಮಗಳು ಬಾಲನ್ನು ತಗ್ಗಾಗಿ, ನೇರವಾಗಿ, ಅವಳ ಅಂಗೈಗೆ ಇಟ್ಟಳು. ಆ ಸದ್ದು ಕೇಳಿ ನನ್ನ ಪಕ್ಕ ಕೂತಿದ್ದ ಕಾಕ "ಎಂಡೆ ಅಮ್ಮೇ!" ಎಂದು ಎದ್ದುಬಿಟ್ಟರು.

ನನಗೆ ಮೂರನೇ ಸಲಕ್ಕೆ ಬಂದದ್ದು ಇವಳಿಗೆ ಎರಡನೇ ಸಲಕ್ಕೇ ಬಂತು. ಊರೆಲ್ಲ ಬಡಿದವಳನ್ನು ನೋಡುತ್ತಿತ್ತು. ನಾನು ಮಗಳ ಮುಖ ನೋಡಿದೆ. ಆ ಮುಖದಲ್ಲಿ ಏನಿತ್ತೆಂದು ಈ ಊರಿನಲ್ಲಿ ನನ್ನೊಬ್ಬಳಿಗೇ ಗೊತ್ತು. ಆಗ ಹತ್ತಿಕೊಂಡಿತು ನೋಡಿ ಉರಿ. ಇಷ್ಟು ವರ್ಷ ಅವಳ ಹೆಸರು, ಅವಳ ಫೋಟೋ, ಅವಳ ಚಪ್ಪಾಳೆ ಕಂಡು ನನಗೆ ಆಗುವುದಿಲ್ಲ ಎಂದುಕೊಂಡಿದ್ದೆ. ನನಗೆ ಆಗದೆ ಇದ್ದದ್ದು ಅವಳಿಗೆ ಬಾಲ್ ಎತ್ತಿಕೊಟ್ಟವರನ್ನು ಕಂಡು. ಮೈಸೂರಿನವಳು, ಕೇರಳದವಳು, ಥಾಯ್ಲೆಂಡಿನವಳು, ಒಬ್ಬೊಬ್ಬಳನ್ನೂ. ಈಗ ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗುವನ್ನೇ ಕಂಡು ನನಗೆ ಹೊಟ್ಟೆ ಉರಿಯುತ್ತಿತ್ತು. ಎದ್ದುಹೋಗಿ ಮಗಳನ್ನು ತಳ್ಳಿ ಅಲ್ಲಿ ನಾನು ನಿಲ್ಲಬೇಕು ಅನ್ನಿಸಿತು. ನಿಜವಾಗಿಯೂ ಅನ್ನಿಸಿತು.

ಸೆಟ್ ಮುಗಿದ ಮೇಲೆ ಅವಳು ಕುಂಟುತ್ತಾ ಬಂದು ನನ್ನ ಪಕ್ಕ ಕೂತು ಮಂಡಿಯ ಮೇಲೆ ಐಸ್ ಇಟ್ಟುಕೊಂಡಳು.

"ಶೂ ಹಾಕ್ಕೊಂಡು ಬಂದಿದ್ದೆ ಅಲ್ವೇನೆ?" ಅಂದಳು.

"ನೋಡಿದ್ಯಾ? ನೋಡಿನೂ ಕರೀಲಿಲ್ಲ."

"ನಿನ್ನ ಕರೆದಿದ್ರೆ ನಾನು ಪೂರಾ ಹಾರ್ಬೇಕಾಗಿತ್ತು ಕಣೆ. ನೀನು ಎತ್ತೋ ಬಾಲಿಗೆ ಅರ್ಧ ಹಾರಕ್ಕೆ ನಂಗೆ ಬರಲ್ಲ. ಮಂಡಿ ಹೋಯ್ತದೆ."

ಇದನ್ನು ಮೈಕಿನಲ್ಲಿ ಹೇಳಲು ನಿನಗೇನು ಧಾಡಿಯಾಗಿತ್ತು ಎಂದು ಕೇಳಬೇಕೆಂದಿದ್ದೆ. ಐಸ್ ಕರಗಿ ಅವಳ ಕಾಲ ಮೇಲೆ ಇಳಿಯುತ್ತಿತ್ತು, ನನ್ನ ಟವಲ್ ಕೊಟ್ಟೆ.

"ಅದಿರ್ಲಿ," ಅಂದಳು, "ನಾನು ಕೇಳಿದ್ದಕ್ಕೆ ಏನಂತೀಯ?"

ಅಷ್ಟರಲ್ಲಿ ಮಗಳು ಏದುಸಿರು ಬಿಡುತ್ತಾ ಓಡಿಬಂದಳು. "ಅಮ್ಮಾ, ನೋಡಿದ್ಯಾ? ಆಂಟಿ ಬಾಲ್ ಬರೋಕೆ ಮುಂಚೆನೇ ಹಾರ್ತಾರೆ!" ಎಂದಳು, ಪ್ರಪಂಚದಲ್ಲಿ ಇದು ಯಾರಿಗೂ ಗೊತ್ತಿಲ್ಲ ಎಂಬ ಹಾಗೆ. ಆಮೇಲೆ ಕೈ ಮುಂದೆ ಚಾಚಿ ಮುಖ ಸಣ್ಣ ಮಾಡಿದಳು. ಬಣ್ಣ ಹಚ್ಚಿ ಬೆಳೆಸಿದ್ದ ಉಗುರು ಎರಡು ಬೆರಳಲ್ಲಿ ಮುರಿದು ರಕ್ತ ಜಿನುಗುತ್ತಿತ್ತು.

"ಎಲ್ಲಾ ಬೆರಳಿಂದೂ ಕತ್ತರಿಸ್ಬಿಡು," ಅಂದೆ. "ಲಿಫ್ಟರ್‌ಗೆ ಉಗುರು ಇರಬಾರದು."

ಪಕ್ಕದಲ್ಲಿ ಐಸ್ ಹಿಡಿದು ಕೂತಿದ್ದ ಅವಳು ತಟ್ಟನೆ ನನ್ನ ಮುಖ ನೋಡಿದಳು. ನಾನು ತಲೆ ಎತ್ತದೆ ಬ್ಯಾಗಿನಲ್ಲಿ ನೇಲ್ ಕಟರ್ ಹುಡುಕುತ್ತಿದ್ದೆ.